ಗೋಡೆಯೊಳಗಿನ ತಂತಿಗೆ ವಯಸ್ಸಾಗಿಲ್ಲ ಮೇಷ್ಟ್ರೇ

“ಅಲ್ಲಪ್ಪಾ, ಮನೆ ತುಂಬ ಗೋಡೆ ಕೊರೀಬೇಕಂತೆ. ಹೌದಾ?”

ಕಾಂಪೌಂಡ್ ಗೋಡೆಯ ಆಚೆಯಿಂದ ಮೇಷ್ಟ್ರು ಕೇಳಿದರು. ಕೈಯಲ್ಲಿ ನಾಲ್ಕು ಮಡಿಕೆ ಮಾಡಿದ ಕೊಟೇಶನ್ ಇತ್ತು. ಅವರ ಮನೆಯ ಕಳ್ಳರ ಅಲಾರಂ ಕೆಟ್ಟು ಕೂತು ಬಹಳ ಕಾಲವಾಯಿತು. ಅಮೆರಿಕದಲ್ಲಿರುವ ಮಗ ಫೋನ್ ಮಾಡಿದಾಗಲೆಲ್ಲ “ಹೊಸದು ಹಾಕಿಸಿಬಿಡಿ ಅಪ್ಪಾ” ಅಂತಾನೆ. ಬಂದು ನೋಡಿಹೋದ ಕಂಪನಿಯವರು ಎರಡು ದಾರಿ ಬರೆದುಕೊಟ್ಟಿದ್ದರು. ಒಂದು, ಹಳೆಯದನ್ನೆಲ್ಲ ಕಿತ್ತು ಹೊಸ ವೈರಿಂಗ್. ಇನ್ನೊಂದು, ಹಳೆಯದನ್ನೆಲ್ಲ ಕಿತ್ತು ವೈರ್‌ಲೆಸ್.

“ಮೇಷ್ಟ್ರೇ, ಕೀಳೋ ವಿಚಾರ ಒಂದ್ನಾಲ್ಕು ದಿನ ತಡೀರಿ. ಕೆಟ್ಟಿರೋದು ಪೆಟ್ಟಿಗೆ. ತಂತಿ ಏನು ತಪ್ಪು ಮಾಡಿದೆ?” ಅಂದೆ.

ಜಯನಗರಕ್ಕೆ ರಾಜಾಜಿಯವರು ಅಡಿಗಲ್ಲು ಹಾಕಿದ್ದು 1948ರಲ್ಲಿ. ಬ್ಲಾಕಿನ ಮೇಲೆ ಬ್ಲಾಕು ತುಂಬುತ್ತಾ ಬಂದು ನಮ್ಮ ರಸ್ತೆಯಲ್ಲಿ ಮನೆಗಳು ಏಳುವ ಹೊತ್ತಿಗೆ, ಕಳ್ಳರ ಅಲಾರಂ ಅನ್ನುವುದು ಬ್ಯಾಂಕುಗಳಿಂದ ಇಳಿದು ಮನೆಗಳಿಗೂ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಬೇಸಿಗೆ ರಜೆ ಬಂತೆಂದರೆ ಮನೆಗೆ ಬೀಗ ಹಾಕಿ ಊರಿಗೆ ಹೊರಡುವವರು ಮುಂದಾಲೋಚನೆ ಮಾಡಿ, ಗಾರೆ ಹಚ್ಚುವ ಮುಂಚೆಯೇ ಕರೆಂಟಿನ ಪೈಪಿನ ಪಕ್ಕ ಇನ್ನೊಂದು ಸಣ್ಣ ಪಿವಿಸಿ ಪೈಪು ಇಡಿಸಿದರು. ಮುಂಬಾಗಿಲು, ಹಿಂದಿನ ಯುಟಿಲಿಟಿ ಬಾಗಿಲು, ಟೆರೇಸ್ ಬಾಗಿಲು, ಕೆಳಮನೆಯ ಕಿಟಕಿಗಳು, ಎಲ್ಲದಕ್ಕೂ ಒಂದೊಂದು ತೆಳು ಕೇಬಲ್ಲು ಹೋಗಿ ಒಳಗಿನ ಪೆಟ್ಟಿಗೆಯಲ್ಲಿ ಸೇರುವಂತೆ ಮಾಡಿದರು. ಮೇಷ್ಟ್ರ ಮನೆಯದೂ ಅಂಥದ್ದೇ ಕೆಲಸ. ಅಷ್ಟು ಶಿಸ್ತಾಗಿ ಮಾಡಿದ ಕೆಲಸಕ್ಕೆ ಇವತ್ತು ಕೂಲಿ ಕೊಟ್ಟು ಮಾಡಿಸುತ್ತೇನೆಂದರೂ ಜನ ಸಿಕ್ಕುವುದು ಕಷ್ಟ. ಅದನ್ನು ಕಿತ್ತು ಬಿಸಾಡುವ ಮಾತು ಕೇಳಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಪೆಟ್ಟಿಗೆಗೆ ವಯಸ್ಸಾಯಿತು ಅನ್ನುವುದು ಬೇರೆ ಮಾತು. ಅದು ಹುಟ್ಟಿದ್ದೇ ತಾಮ್ರದ ತಂತಿಯ ಲ್ಯಾಂಡ್‌ಲೈನ್ ನಂಬಿಕೊಂಡು. ಜಯನಗರ ಶುರುವಾದ ಆ 1948ರಲ್ಲೇ ಈ ಊರಿನಲ್ಲಿ ಐಟಿಐ ಟೆಲಿಫೋನ್ ಕಾರ್ಖಾನೆಯೂ ಶುರುವಾಯಿತು. ಅಲ್ಲಿ ತಯಾರಾದ ಫೋನುಗಳು ಎಷ್ಟೋ ಮನೆಗಳ ಹಾಲಿನಲ್ಲಿ ಕಸೂತಿ ಬಟ್ಟೆ ಹೊದ್ದುಕೊಂಡು ಕೂತಿದ್ದವು. ಕಳ್ಳ ಬಾಗಿಲು ತೆಗೆದರೆ ಪೆಟ್ಟಿಗೆಯೊಳಗಿನ ಡಯಲರ್ ಆ ಲೈನನ್ನು ಹಿಡಿದು, ಮೊದಲೇ ತುಂಬಿಸಿಟ್ಟ ನಂಬರಿಗೆ ತಾನೇ ಫೋನ್ ಮಾಡುತ್ತಿತ್ತು. ಆ ಲೈನಿಗೆ ಕರೆಂಟು ಬರುತ್ತಿದ್ದುದು ಎಕ್ಸ್‌ಚೇಂಜಿನ 48 ವೋಲ್ಟ್ ಬ್ಯಾಟರಿಯಿಂದ. ಆದ್ದರಿಂದ ಮನೆಯ ಕರೆಂಟು ಹೋದರೂ ಫೋನು ಜೀವಂತ. ಈಗ ಮನೆಮನೆಗೆ ಫೈಬರ್ ಬಂತು. ಫೈಬರಿನಲ್ಲಿ ಬೆಳಕು ಬರುತ್ತದೆಯೇ ಹೊರತು ಕರೆಂಟು ಬರುವುದಿಲ್ಲ. ಮನೆಯ ಕರೆಂಟು ಹೋಗಿ, ಫೈಬರ್ ಬಂದು ಸೇರುವ ಸಣ್ಣ ಡಬ್ಬಿಗೆ ಯುಪಿಎಸ್ ಇಲ್ಲದಿದ್ದರೆ ಫೋನೂ ಹೋಯಿತು. ಮೇಷ್ಟ್ರ ಮನೆಯಲ್ಲಿ ಹಳೆಯ ಲೈನು ತೆಗೆಸಿದ ದಿನವೇ ಅಲಾರಮ್ಮಿನ ಬಾಯಿ ಕಟ್ಟಿತ್ತು. ಅದನ್ನು ಯಾರೂ ಗಮನಿಸಿರಲಿಲ್ಲ.

ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಮಲ್ಟಿಮೀಟರ್ ತೆಗೆದುಕೊಂಡು ಅವರ ಮನೆಗೆ ಹೋದೆ. ಮೊದಲು ಮೇನ್ ಬೋರ್ಡಿನಲ್ಲಿ ಆ ಪೆಟ್ಟಿಗೆಯ ಎಂಸಿಬಿ ಇಳಿಸಿದ್ದಾಯಿತು. ಒಳಗೆ 230 ವೋಲ್ಟ್ ಬರುತ್ತದೆ, ಅದರ ಜೊತೆ ಸಲಿಗೆ ಬೇಡ. ಆಮೇಲೆ ಬ್ಯಾಟರಿಯ ಎರಡು ಕ್ಲಿಪ್ಪು ಬಿಡಿಸಿದೆ. 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಹೊಟ್ಟೆ ಉಬ್ಬಿತ್ತು, ತುದಿಯಲ್ಲಿ ಹಸಿರು ಬಿಳಿ ಪುಡಿ ಕಟ್ಟಿತ್ತು. ಮುಚ್ಚಳದ ಒಳಬದಿಗೆ ಒಂದು ಚೀಟಿ ಅಂಟಿಸಿ, ಅಂದು ವೈರಿಂಗ್ ಮಾಡಿದ ಹುಡುಗ ಬಾಲ್‌ಪೆನ್ನಿನಲ್ಲಿ ಬರೆದಿಟ್ಟಿದ್ದ: 1 ಮುಂಬಾಗಿಲು, 2 ಹಾಲ್ ಕಿಟಕಿ, 3 ದೇವರಮನೆ ಕಿಟಕಿ, 4 ಯುಟಿಲಿಟಿ, 5 ಟೆರೇಸ್, 6 ಹಾಲ್ ಪಿಐಆರ್. ಶಾಯಿ ಮಾಸಿದ್ದರೂ ಅಕ್ಷರ ದುಂಡಗಿತ್ತು. ಆ ಹುಡುಗ ಈಗ ಎಲ್ಲಿದ್ದಾನೋ, ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆ ಒಂದು ಚೀಟಿಯಿಂದ ನಮಗೆ ಅರ್ಧ ದಿನದ ಕೆಲಸ ಉಳಿಯಿತು.

ತಂತಿ ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ಕಡೆಯಿಂದ ಫೋಟೊ ತೆಗೆದೆ. ಪ್ರತಿ ಕೇಬಲ್ಲಿಗೂ ಮಾಸ್ಕಿಂಗ್ ಟೇಪ್ ಸುತ್ತಿ ನಂಬರ್ ಬರೆದೆ. ಇಷ್ಟು ಮಾಡದೆ ಸ್ಕ್ರೂ ಡ್ರೈವರ್ ಮುಟ್ಟಬಾರದು ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಒಂದೇ ಬಣ್ಣದ ಹನ್ನೆರಡು ತುದಿಗಳು ಪೆಟ್ಟಿಗೆಯಿಂದ ಹೊರಗೆ ಬಂದು ನಿಂತ ಮೇಲೆ ಯಾವುದು ಯಾವ ಕಿಟಕಿಯದು ಅಂತ ಹೇಳಲು ದೇವರಿಂದಲೂ ಆಗದು.

ಆಮೇಲಿನದು ಮೂವರ ಕೆಲಸ. ಮೇಷ್ಟ್ರು ಕಿಟಕಿ ಬಾಗಿಲು ತೆಗೆದು ಹಾಕುವುದು, ನಾನು ಮೀಟರ್ ನೋಡುವುದು, ಮೇಷ್ಟ್ರ ಹೆಂಡತಿ, ನಾನು ಅಮ್ಮ ಅನ್ನುವವರು, ಅಡಿಗೆಮನೆ ಬಾಗಿಲಲ್ಲಿ ಕೂತು ಹಳೆಯ ಡೈರಿಯಲ್ಲಿ ಬರೆದುಕೊಳ್ಳುವುದು.

“ಮುಂಬಾಗಿಲು ಹಾಕಿ ಮೇಷ್ಟ್ರೇ.” ಮೀಟರಿನಲ್ಲಿ 2.2 ಕಿಲೋ ಓಮ್.

“ತೆಗೀರಿ.” ‘ಓಎಲ್’ ಅಂತ ಬಂತು. ದಾರಿ ಕಡಿದಿದೆ ಎಂದರ್ಥ.

“ಮತ್ತೆ ಹಾಕಿ.” ಮತ್ತೆ 2.2. ಕೂದಲೆಳೆಯಷ್ಟೂ ಆಚೀಚೆ ಇಲ್ಲ.

“ಇಷ್ಟು ವರ್ಷ ಆದ್ಮೇಲೂನಾ?” ಅಂತ ಅಮ್ಮ ಬರೆಯುವುದು ಬಿಟ್ಟು ಎದ್ದು ಬಂದು ನೋಡಿದರು.

ಯಾಕೆ ಕೆಟ್ಟೀತು ಹೇಳಿ. ಗೋಡೆಯೊಳಗೆ, ಪೈಪಿನೊಳಗೆ, ಬಿಸಿಲಿಲ್ಲ, ಮಳೆಯಿಲ್ಲ, ಅದರಲ್ಲಿ ಹರಿಯುವ ಕರೆಂಟು ಒಂದೆರಡು ಮಿಲಿಆಂಪಿಯರ್. ಅಲಾರಂ ಕೇಬಲ್ಲಿನ ಒಂದೊಂದು ಎಳೆಯಲ್ಲಿ 0.2 ಮಿಲಿಮೀಟರ್ ದಪ್ಪದ ಏಳು ತಾಮ್ರದ ನೂಲು ಹೊಸೆದಿರುತ್ತದೆ. 20 ಮೀಟರ್ ದೂರದ ಕಿಟಕಿಗೆ ಹೋಗಿ ಬರುವ 40 ಮೀಟರ್ ಎಳೆಯ ರೋಧ ಮೂರು ನಾಲ್ಕು ಓಮ್ ಅಷ್ಟೆ. 2,200 ಓಮಿನ ಮುಂದೆ ಅದು ಲೆಕ್ಕಕ್ಕೇ ಇಲ್ಲ.

ಆ 2,200 ಎಲ್ಲಿಂದ ಬಂತು ಅನ್ನುವುದು ಈ ವಿದ್ಯೆಯ ತಿರುಳು. ಕರೆಗಂಟೆಯಲ್ಲಿ ಗುಂಡಿ ಒತ್ತಿದರೆ ದಾರಿ ಕೂಡಿಕೊಂಡು ಗಂಟೆ ಬಾರಿಸುತ್ತದೆ. ಕಳ್ಳರ ಅಲಾರಂ ಇದಕ್ಕೆ ತಿರುವುಮುರುವು. ಮಕ್ಕಳು ಕೈ ಕೈ ಹಿಡಿದು ವೃತ್ತವಾಗಿ ನಿಂತಂತೆ ಇಡೀ ದಾರಿ ಯಾವಾಗಲೂ ಕೂಡಿಕೊಂಡೇ ಇರುತ್ತದೆ. ಬಾಗಿಲು ತೆಗೆದರೆ ಒಂದು ಕೈ ಬಿಟ್ಟಿತು, ಕೂಗು ಎದ್ದಿತು. ಕಳ್ಳ ಜಾಣ, ಬಾಗಿಲು ಮುಟ್ಟದೆ ತಂತಿ ಕತ್ತರಿಸುತ್ತಾನೆ ಅಂದುಕೊಳ್ಳಿ. ಆಗಲೂ ಕೈ ಬಿಟ್ಟಿತು, ಕೂಗು ಎದ್ದಿತು. ಅವನು ಇನ್ನೂ ಜಾಣನಾಗಿ, ಎರಡು ತಂತಿಯ ತೊಗಲು ಸುಲಿದು ಒಂದಕ್ಕೊಂದು ಹೊಸೆದುಬಿಟ್ಟರೆ? ಆಮೇಲೆ ಬಾಗಿಲು ಹಾರುಹೊಡೆದಿದ್ದರೂ ಪೆಟ್ಟಿಗೆಗೆ ದಾರಿ ಕೂಡಿದಂತೆಯೇ ಕಾಣುತ್ತದೆ. ಅದಕ್ಕೇ ದೂರದ ತುದಿಯಲ್ಲಿ, ಬಾಗಿಲ ಚೌಕಟ್ಟಿನ ಒಳಗೇ, ಅಕ್ಕಿಕಾಳಿನಷ್ಟು ಗಾತ್ರದ ಒಂದು ರೆಸಿಸ್ಟರ್ ಇಡುತ್ತಾರೆ. ಪೆಟ್ಟಿಗೆ ಯಾವಾಗಲೂ 2,200 ಓಮ್ ಹುಡುಕುತ್ತಿರುತ್ತದೆ. ಅನಂತ ಕಂಡರೂ ಗಲಾಟೆ, ಸೊನ್ನೆ ಕಂಡರೂ ಗಲಾಟೆ.

ಇಲ್ಲಿ ಒಂದು ವಿಷಯ ಗಟ್ಟಿಯಾಗಿ ಹೇಳಬೇಕು. ಆತುರದ ಕೆಲಸದವರು ಈ ರೆಸಿಸ್ಟರನ್ನು ದೂರದ ತುದಿಯಲ್ಲಿಡದೆ ಪೆಟ್ಟಿಗೆಯ ಒಳಗೇ ಸ್ಕ್ರೂ ಕೆಳಗೆ ಸಿಕ್ಕಿಸಿ ಹೋಗುತ್ತಾರೆ. ಪೆಟ್ಟಿಗೆಗೆ ತೃಪ್ತಿ, ಮನೆಯವರಿಗೂ ತೃಪ್ತಿ, ಕಾವಲು ಮಾತ್ರ ಅರ್ಧ ಹೋಯಿತು. ಹಳೆಯ ಪೆಟ್ಟಿಗೆ ತೆಗೆದಾಗ ಮೊದಲು ನೋಡಬೇಕಾದ್ದೇ ಇದು. ತಂತಿಯನ್ನು ಪೆಟ್ಟಿಗೆಯಿಂದ ಬಿಡಿಸಿ ಅಳೆದಾಗ ಬಾಗಿಲು ಹಾಕಿದ್ದರೆ ಮೀಟರಿನಲ್ಲಿ ರೆಸಿಸ್ಟರಿನ ಬೆಲೆ ಬರಬೇಕು. ಬರೀ ಸೊನ್ನೆಯ ಹತ್ತಿರ ಬಂದರೆ ರೆಸಿಸ್ಟರ್ ದೂರದ ತುದಿಯಲ್ಲಿ ಇಲ್ಲ, ಈಗಲಾದರೂ ಇಡಿಸಿ. ಎಲ್ಲ ಪೆಟ್ಟಿಗೆಗೂ, ಅಂದರೆ ಪ್ಯಾನಲ್ಲಿಗೂ, ಒಂದೇ ಬೆಲೆಯಲ್ಲ. 1, 2.2, 4.7, 5.6, 10 ಕಿಲೋ ಓಮ್ ಹೀಗೆ ಒಂದೊಂದು ತಯಾರಕರದು ಒಂದೊಂದು. ಹೊಸ ಪ್ಯಾನಲ್ ಕೊಳ್ಳುವಾಗ ಅದು ಹಳೆಯ ಬೆಲೆಯನ್ನು ಒಪ್ಪಿಕೊಳ್ಳುತ್ತದೆಯೇ ಕೇಳಿ. ಒಪ್ಪದಿದ್ದರೂ ಚಿಂತೆಯಿಲ್ಲ, ರೆಸಿಸ್ಟರ್ ಬದಲಿಸುವುದಕ್ಕೆ ಗೋಡೆ ಕೊರೆಯಬೇಕಾಗಿಲ್ಲ, ಚೌಕಟ್ಟಿನ ಸೆನ್ಸರ್ ಬಿಚ್ಚಿದರೆ ಸಾಕು.

ಮೇಷ್ಟ್ರ ಮನೆಯ ಆರರಲ್ಲಿ ನಾಲ್ಕು ಲೈನು ಹಾಗೇ ಸರಿಯಿದ್ದವು. ಹಾಲ್ ಕಿಟಕಿಯದು ಮಾತ್ರ ಕುಣಿಯುತ್ತಿತ್ತು. ಒಮ್ಮೆ 2.2, ಒಮ್ಮೆ 9, ಒಮ್ಮೆ ಏನೂ ಇಲ್ಲ. ಹೀಗೆ ಕುಣಿದರೆ ತಪ್ಪು ತಂತಿಯದಲ್ಲ, ನಡುವೆ ಎಲ್ಲೋ ಹಾಕಿದ ಗಂಟಿನದು. ಹುಡುಕಿದರೆ ಟಿವಿಯ ಹಿಂದಿನ ಜಂಕ್ಷನ್ ಬಾಕ್ಸಿನಲ್ಲಿ ಎರಡು ತುದಿ ಹೊಸೆದು ಟೇಪ್ ಸುತ್ತಿದ್ದರು. ಟೇಪು ಅಂಟು ಬಿಟ್ಟು ಜಿನುಗಿ, ತಾಮ್ರ ಹಸಿರಾಗಿತ್ತು. ಕತ್ತರಿಸಿ, ಹೊಸದಾಗಿ ಬೆಸುಗೆ ಹಾಕಿ, ಮೇಲೆ ಬಿಸಿಗೆ ಕುಗ್ಗುವ ಕೊಳವೆ ತೊಡಿಸಿದ್ದಾಯಿತು. ದೇವರಮನೆ ಕಿಟಕಿಯದು ಪೂರ್ತಿ ಸತ್ತಂತಿತ್ತು. ಅದರ ಕಥೆ ಬೇರೆ. ಹಳೆಯ ಮರದ ಬಾಗಿಲು ತೆಗೆದು ಯುಪಿವಿಸಿ ಹಾಕಿಸಿದಾಗ ಬಡಗಿ ಹಳೆಯ ಮರದ ಜೊತೆ ಆಯಸ್ಕಾಂತವನ್ನೂ ತೆಗೆದುಕೊಂಡು ಹೋಗಿದ್ದ. ಚೌಕಟ್ಟಿನ ಒಳಗಿನ ಸೆನ್ಸರ್ ಮಾತ್ರ ತನ್ನ ಜಾಗದಲ್ಲೇ ಕಾಯುತ್ತಾ ಕೂತಿತ್ತು. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಒಂದು ಆಯಸ್ಕಾಂತ ತಂದು ಹತ್ತಿರ ಹಿಡಿದೆ. ಮೀಟರಿನಲ್ಲಿ 2.2 ಬಂತು. ಅಮ್ಮನ ಮುಖದಲ್ಲಿ ಆದ ಸಂತೋಷ ನೋಡಬೇಕಿತ್ತು.

ಆ ಸೆನ್ಸರ್ ಅಂದರೆ ಇಷ್ಟೇ: ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಗಾಜಿನ ಕೊಳವೆ, ಒಳಗೆ ಎರಡು ತೆಳು ಲೋಹದ ಎಸಳು. ಆಯಸ್ಕಾಂತ ಹತ್ತಿರ ಬಂದರೆ ಎಸಳುಗಳು ಒಂದಕ್ಕೊಂದು ತಾಗುತ್ತವೆ, ದೂರ ಹೋದರೆ ಬಿಡುತ್ತವೆ. ರೀಡ್ ಸ್ವಿಚ್ ಎನ್ನುತ್ತಾರೆ. 1936ರಲ್ಲಿ ಅಮೆರಿಕದ ಬೆಲ್ ಲ್ಯಾಬೊರೇಟರೀಸಿನ ವಾಲ್ಟರ್ ಎಲ್ವುಡ್ ಇದನ್ನು ರೂಪಿಸಿದರು. ಗಾಜಿನೊಳಗೆ ಗಾಳಿಯ ಸೋಂಕಿಲ್ಲ, ತುಕ್ಕಿಲ್ಲ. ಇಷ್ಟು ಕಡಿಮೆ ಕರೆಂಟಿನಲ್ಲಿ ಕೋಟಿ ಸಲ ತಾಗಿ ಬಿಟ್ಟರೂ ಅದಕ್ಕೆ ಏನೂ ಆಗದು. ಮುಂಬಾಗಿಲನ್ನು ದಿನಕ್ಕೆ 20 ಸಲ ತೆಗೆದರೆ 30 ವರ್ಷಕ್ಕೆ ಎರಡು ಲಕ್ಷ ಚಿಲ್ಲರೆ ಆಯಿತು. ಕೋಟಿ ಎಲ್ಲಿ, ಎರಡು ಲಕ್ಷ ಎಲ್ಲಿ! “ವಯಸ್ಸಾಗಿದೆ ಸಾರ್, ಎಲ್ಲ ಬದಲಿಸಬೇಕು” ಅನ್ನುವವರಿಗೆ ಈ ಗುಣಾಕಾರ ತೋರಿಸಿ. ಗಾಜು ಒಡೆದಿದ್ದರೆ, ಬಣ್ಣ ಬಳಿಯುವವರು ಸುತ್ತಿಗೆ ತಾಗಿಸಿದ್ದರೆ ಮಾತ್ರ ಬದಲಿಸಿ. ಕಬ್ಬಿಣದ ಬಾಗಿಲು, ಕೊಲ್ಯಾಪ್ಸಿಬಲ್ ಗೇಟು ಇರುವ ಕಡೆ ಸಾಮಾನ್ಯ ಸೆನ್ಸರ್ ನಡೆಯದು. ಕಬ್ಬಿಣ ಆಯಸ್ಕಾಂತದ ಶಕ್ತಿಯನ್ನು ತನ್ನೊಳಗೇ ಎಳೆದುಕೊಳ್ಳುತ್ತದೆ. ಅಂಥದ್ದಕ್ಕೆ ದೊಡ್ಡ ಆಯಸ್ಕಾಂತದ ಬೇರೆ ತಳಿ ಬರುತ್ತದೆ. ಮಳೆಗಾಲದಲ್ಲಿ ಮರದ ಬಾಗಿಲು ಉಬ್ಬಿ ಸರಿಯಾಗಿ ಕೂರದೆ, ಸಂದು ಹೆಚ್ಚಾಗಿ, ರಾತ್ರಿ ಸುಮ್ಮನೆ ಕೂಗಿಕೊಳ್ಳುವುದೂ ಉಂಟು. ಅದಕ್ಕೆ ಬಡಗಿಯೇ ಬೇಕು, ಅಲಾರಮ್ಮಿನವನು ಬೇಡ.

ಇದ್ದ ತಂತಿಯನ್ನು ಹೊಸ ಕೆಲಸಕ್ಕೆ ಹಚ್ಚುವುದು ಈ ವಿದ್ಯೆಯ ಹುಟ್ಟುಗುಣ ಅಂತ ಮೇಷ್ಟ್ರಿಗೆ ಹೇಳಿದೆ. ಅವರು ಇತಿಹಾಸದ ಮೇಷ್ಟ್ರು, ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ವಿದ್ಯುತ್ತಿನ ಕಳ್ಳರ ಅಲಾರಮ್ಮಿಗೆ 1853ರಲ್ಲಿ ಪೇಟೆಂಟ್ ಪಡೆದದ್ದು ಅಮೆರಿಕದ ಮ್ಯಾಸಚೂಸೆಟ್ಸಿನ ಆಗಸ್ಟಸ್ ಪೋಪ್. ಆ ಹಕ್ಕನ್ನು 1857ರಲ್ಲಿ ಕೊಂಡು ವ್ಯಾಪಾರವಾಗಿ ಬೆಳೆಸಿದ್ದು ಎಡ್ವಿನ್ ಹೋಮ್ಸ್. ಇಪ್ಪತ್ತು ವರ್ಷ ಕಳೆದು, ಗ್ರಹಾಂ ಬೆಲ್ಲರ ಟೆಲಿಫೋನು ಆಗಷ್ಟೇ ಹುಟ್ಟಿದಾಗ, ಬೋಸ್ಟನ್ನಿನಲ್ಲಿ ಅದಕ್ಕೆಂದು ಎಳೆದ ತಂತಿಜಾಲ ಎಲ್ಲಿತ್ತು? ಹೋಮ್ಸ್ ಕಂಪನಿಯ ಅಲಾರಂ ತಂತಿಗಳು ಬ್ಯಾಂಕುಗಳಿಗೆ ಆಗಲೇ ಹೋಗಿದ್ದವು. 1877ರ ಮೇ ತಿಂಗಳಲ್ಲಿ ಅದೇ ತಂತಿಗೆ ಟೆಲಿಫೋನು ಸಿಕ್ಕಿಸಿದರು. ಹಗಲು ಮಾತು, ರಾತ್ರಿ ಕಾವಲು. ಜಗತ್ತಿನ ಮೊದಮೊದಲ ಟೆಲಿಫೋನ್ ಎಕ್ಸ್‌ಚೇಂಜ್ ನಡೆದದ್ದು ಕಳ್ಳರ ಅಲಾರಮ್ಮಿನ ತಂತಿಯ ಮೇಲೆ.

“ಅಂದ್ರೆ ಫೋನಿಗೇ ತಂತಿ ಸಾಲ ಕೊಟ್ಟ ಮನೆತನ ಇದು!” ಅಂದರು ಮೇಷ್ಟ್ರು.

ತಂತಿ, ರೀಡ್ ಸ್ವಿಚ್ಚು ಉಳಿದವು. ಪಿಐಆರ್ ಮಾತ್ರ ಬದಲಿಸಲೇಬೇಕು ಅಂದೆ. ಅದು ಹಾಲಿನ ಮೂಲೆಯಲ್ಲಿ, ತಲೆಯಿಂದ ಎರಡಡಿ ಮೇಲೆ ಕೂತು ಮನುಷ್ಯರ ಓಡಾಟ ನೋಡುವ ಬಿಳಿ ಡಬ್ಬಿ. ಮನುಷ್ಯನ ಮೈ ಸೂಸುವ ಶಾಖದ ಕಿರಣ, ಅಲೆಯುದ್ದ ಸುಮಾರು 9ರಿಂದ 10 ಮೈಕ್ರಾನ್, ಅದರ ಕಣ್ಣಿಗೆ ಬೀಳುತ್ತದೆ. ಮುಂದಿನ ಪ್ಲಾಸ್ಟಿಕ್ ಮಸೂರ ಕೋಣೆಯನ್ನು ಬೀಸಣಿಗೆಯ ಮಡಿಕೆಗಳಾಗಿ ಸೀಳುತ್ತದೆ. ಬಿಸಿಯಾದ ಒಡಲು ಒಂದು ಮಡಿಕೆಯಿಂದ ಇನ್ನೊಂದಕ್ಕೆ ದಾಟಿದರೆ ಅದಕ್ಕೆ ಗೊತ್ತಾಗುತ್ತದೆ. ಗೋಡೆ ಬಿಸಿಯೂ ಮೈ ಬಿಸಿಯೂ ಒಂದೇ ಆದರೆ ಅದಕ್ಕೆ ಕಣ್ಣು ಕತ್ತಲೆ. ಆದ್ದರಿಂದಲೇ ಕಲಬುರ್ಗಿಯ ಮೇ ತಿಂಗಳಲ್ಲಿ ಅದು ಮಂಕಾಗುತ್ತದೆ, ನಮ್ಮ ಬೆಂಗಳೂರಿನ ಹವೆಗೆ ಹೇಳಿ ಮಾಡಿಸಿದ್ದು. ಇಲ್ಲಿ ಅದಕ್ಕೆ ಶತ್ರು ಹಲ್ಲಿ. ಮಸೂರದ ಮೇಲೇ ಹಲ್ಲಿ ಹರಿದರೆ ಅಷ್ಟು ಹತ್ತಿರದಲ್ಲಿ ಅದು ಆನೆಯಷ್ಟು ದೊಡ್ಡದಾಗಿ ಕಾಣುತ್ತದೆ. ಮೇಷ್ಟ್ರ ಮನೆಯ ಪಿಐಆರ್ ಬಿಚ್ಚಿದರೆ ಒಳಗೆ ಇರುವೆ ಗೂಡು, ಒಣಗಿದ ಹಲ್ಲಿಮೊಟ್ಟೆಯ ಎರಡು ಚಿಪ್ಪು. ತಂತಿ ಒಳಬರುವ ತೂತನ್ನು ಮುಚ್ಚದೆ ಬಿಟ್ಟಿದ್ದರು. ಹೊಸದು ಹಾಕುವಾಗ ಆ ತೂತಿಗೆ ಸಿಲಿಕೋನ್ ತುಂಬಿಸುವುದು ಐದು ನಿಮಿಷದ ಕೆಲಸ. ಹಳೆಯ ನಾಲ್ಕೆಳೆಯ ಕೇಬಲ್ಲೇ ಹೊಸದಕ್ಕೂ ಸರಿಹೋಗುತ್ತದೆ: ಎರಡೆಳೆ 12 ವೋಲ್ಟ್ ಕರೆಂಟಿಗೆ, ಎರಡೆಳೆ ಸಂಕೇತಕ್ಕೆ.

“ಹಾಗಾದ್ರೆ ವೈರ್‌ಲೆಸ್ ಕೆಟ್ಟದ್ದಾ? ನಮ್ಮ ತಂಗಿ ಮಗಳು ಬಿಟಿಎಂ ಲೇಔಟ್‌ನಲ್ಲಿ ಅದನ್ನೇ ಹಾಕ್ಸಿದಾಳೆ” ಅಂತ ಅಮ್ಮ ಕೇಳಿದರು.

ಖಂಡಿತ ಕೆಟ್ಟದ್ದಲ್ಲ. ಅವಳು ಇರುವುದು ಬಾಡಿಗೆ ಮನೆಯಲ್ಲಿ. ಒಂದು ಮೊಳೆ ಹೊಡೆದರೂ ಓನರಿಗೆ ಉತ್ತರ ಹೇಳಬೇಕು, ಮನೆ ಬಿಡುವಾಗ ಬಿಚ್ಚಿಕೊಂಡು ಹೋಗಬೇಕು. ಅವಳಿಗೆ ವೈರ್‌ಲೆಸ್ಸೇ ಸರಿ. ಫ್ಲಾಟಿನಲ್ಲಿ ಇರುವುದೇ ಒಂದು ಬಾಗಿಲು, ಅಲ್ಲಿಯೂ ಸರಿ. ಆದರೆ ತಂತಿ ಎಳೆದಿಟ್ಟ ಮನೆಯಲ್ಲಿ, ಎಪ್ಪತ್ತು ದಾಟಿದ ಇಬ್ಬರೇ ಇರುವಲ್ಲಿ, ಪ್ರತಿ ಕಿಟಕಿಯ ಮೇಲೂ ಒಂದೊಂದು ಬ್ಯಾಟರಿ ಕೂರಿಸಿ ವರ್ಷ ಎರಡು ವರ್ಷಕ್ಕೊಮ್ಮೆ ಏಣಿ ಹತ್ತಿ ಬದಲಿಸಿ ಅನ್ನುವುದು ಯಾವ ನ್ಯಾಯ? ತಂತಿಯ ಸೆನ್ಸರಿಗೆ ಬ್ಯಾಟರಿಯೇ ಬೇಡ.

ತಂತಿ ಉಳಿಸಿಕೊಳ್ಳಬಾರದ ಸಂದರ್ಭವೂ ಇದೆ. ಅಲಾರಂ ಕೇಬಲ್ಲನ್ನು ಮನೆಯ ಕರೆಂಟಿನ ತಂತಿಯ ಜೊತೆ ಒಂದೇ ಪೈಪಿನಲ್ಲಿ ತುರುಕಿದ್ದರೆ ಅದನ್ನು ಬಿಟ್ಟುಬಿಡಿ. 230 ವೋಲ್ಟಿನ ತಂತಿಯ ತೊಗಲು ಎಲ್ಲಾದರೂ ಸವೆದರೆ ಕಿಟಕಿಯ ಸೆನ್ಸರಿನಲ್ಲೂ ಶಾಕ್ ಹೊಡೆದೀತು. ಗೋಡೆ ನೀರು ಕುಡಿದ ಕಡೆಯೂ ಎಚ್ಚರ ಬೇಕು. ಕಿಟಕಿ ತೆರೆದಿಟ್ಟು ಎರಡೆಳೆಯ ನಡುವೆ ಅಳೆದಾಗ ‘ಓಎಲ್’ ಬಾರದೆ ಏನಾದರೊಂದು ಅಂಕಿ ಬಂದರೆ ಒಳಗೆ ತೇವ ಇಳಿದಿದೆ. ಹೆಗ್ಗಣ ಕಡಿದಿದ್ದರಂತೂ ಮಾತೇ ಇಲ್ಲ. ಆಗಲೂ ಹಳೆಯ ತಂತಿ ಉಪಯೋಗಕ್ಕೆ ಬರುತ್ತದೆ. ಅದರ ತುದಿಗೆ ಹೊಸ ಕೇಬಲ್ ಕಟ್ಟಿ ಆಚೆಯಿಂದ ಎಳೆದರೆ, ಪೈಪು ಜಜ್ಜಿಲ್ಲದಿದ್ದರೆ, ಹಳೆಯದು ಹೊರಗೆ ಬರುತ್ತಾ ಹೊಸದನ್ನು ಒಳಗೆ ಕರೆದುಕೊಂಡು ಹೋಗುತ್ತದೆ. ಕಿತ್ತುಹಾಕುವ ಆತುರದಲ್ಲಿ ಈ ಅವಕಾಶವೂ ಹೋಗುತ್ತದೆ.

ಮೇಷ್ಟ್ರ ಮೊಮ್ಮಗಳು ಇಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳಿಗೆ ಪ್ಯಾನಲ್ ಕೊಳ್ಳುವ ಮನಸ್ಸಿಲ್ಲ. ಎಸ್.ಪಿ. ರೋಡಿಗೆ ಹೋಗಿ ಇಎಸ್‌ಪಿ 32 ಬೋರ್ಡ್ ತಂದು ತಾನೇ ಮಾಡುತ್ತೇನೆ ಅಂತ ಕೂತಿದ್ದಾಳೆ. ಆ ಉತ್ಸಾಹ ನನಗೆ ಬಹಳ ಇಷ್ಟವಾಯಿತು. ಬೆಂಕಿಪೊಟ್ಟಣದಷ್ಟು ಬೋರ್ಡು, ಅದರಲ್ಲೇ ವೈಫೈ. ಆರು ಲೈನನ್ನು ಆರು ಕಾಲಿಗೆ ಕೊಟ್ಟರೆ ಯಾವ ಬಾಗಿಲು ತೆಗೆಯಿತು ಅಂತ ಮೊಬೈಲಿಗೆ ಹೇಳುತ್ತದೆ. ಆದರೆ ಅವಳಿಗೆ ಮೂರು ಮಾತು ಹೇಳಿದೆ. ಆ ಬೋರ್ಡಿನ ಕಾಲುಗಳು ತಡೆಯುವುದು 3.3 ವೋಲ್ಟು, ಹಳೆಯ ಪೆಟ್ಟಿಗೆಯ 12 ವೋಲ್ಟು ತಾಗಿದರೆ ಅಲ್ಲಿಗೆ ಅದರ ಕಥೆ ಮುಗಿಯಿತು. 34ರಿಂದ 39ರವರೆಗಿನ ಕಾಲುಗಳಿಗೆ ಒಳಗೆ ಪುಲ್-ಅಪ್ ರೆಸಿಸ್ಟರ್ ಇಲ್ಲ, ಹೊರಗಿನಿಂದ ಒಂದು ಕೊಡದೆ ಬಾಗಿಲಿಗೆ ಸೇರಿಸಿದರೆ ಗಾಳಿ ಬೀಸಿದಂತೆ ಸುಳ್ಳು ಸುಳ್ಳೇ ಹೇಳುತ್ತವೆ. ಮತ್ತೆ, ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಮಿಂಚು ಶುರುವಾದರೆ ಗೋಡೆಯೊಳಗಿನ ಆ ಉದ್ದನೆಯ ತಂತಿಗಳು ಆಂಟೆನಾ ಆಗುತ್ತವೆ. ಪ್ರತಿ ಲೈನಿಗೂ ಒಂದು ಆಪ್ಟೋಕಪ್ಲರ್ ಹಾಕಿ, ತಂತಿಗೂ ಬೋರ್ಡಿಗೂ ನಡುವೆ ಬರೀ ಬೆಳಕಿನ ಸಂಪರ್ಕ ಇಡುವುದು ಒಳ್ಳೆಯದು. ಪಿಸಿ 817 ಅಂತ ಕೇಳಿದರೆ ಎಸ್.ಪಿ. ರೋಡಿನಲ್ಲಿ ಚಿಲ್ಲರೆ ಕಾಸಿಗೆ ಕೊಡುತ್ತಾರೆ.

ಇಷ್ಟು ಹೇಳಿಯೂ, ಅಜ್ಜ ಅಜ್ಜಿಯ ಮನೆಗೆ ಆ ಬೋರ್ಡೊಂದನ್ನೇ ನಂಬಬೇಡ ಅಂದೆ. ಸೆಮಿಸ್ಟರ್ ಪರೀಕ್ಷೆಯ ಹೊತ್ತಿಗೆ ಅದು ಕೈ ಕೊಟ್ಟರೆ ನೋಡುವವರು ಯಾರು? ತಂತಿ ಸೆನ್ಸರ್ ಒಪ್ಪಿಕೊಳ್ಳುವ, ಗುಂಡಿ ಒತ್ತುವ ಕೀಪ್ಯಾಡ್ ಇರುವ, ಬೇಕಾದಾಗ ಒಂದೆರಡು ವೈರ್‌ಲೆಸ್ ಸೆನ್ಸರನ್ನೂ ಸೇರಿಸಿಕೊಳ್ಳುವ ಸಿದ್ಧ ಪ್ಯಾನಲ್ ಅವರಿಗೆ ಸರಿ. ಇಂಟರ್ನೆಟ್ ಇದ್ದರೂ ಇಲ್ಲದಿದ್ದರೂ ಅದು ಸೈರನ್ ಕೂಗಿಸಬೇಕು. ಮೊಮ್ಮಗಳ ಬೋರ್ಡು ಅದರ ಪಕ್ಕದಲ್ಲಿ ಕೂತು ಮೊಬೈಲಿಗೆ ಸುದ್ದಿ ಕಳಿಸಲಿ.

ಲ್ಯಾಂಡ್‌ಲೈನಿನ ಬದಲು ಪ್ಯಾನಲ್ಲಿಗೆ ಹಾಕುವ ಸಿಮ್ಮಿನ ವಿಚಾರಕ್ಕೆ ಬಂದರೆ, ಮಾರುಕಟ್ಟೆಯ ಅಗ್ಗದ ಪ್ಯಾನಲ್ಲುಗಳ ಒಳಗೆ ಇರುವುದು ಇನ್ನೂ 2ಜಿ ಮಾಡೆಮ್. ಅದಕ್ಕೆ ಜಿಯೋ ಸಿಮ್ ಹಾಕಿದರೆ ನೆಟ್‌ವರ್ಕ್ ಸಿಗುವುದೇ ಇಲ್ಲ, ಅವರು 2ಜಿ ಇಟ್ಟೇ ಇಲ್ಲ. 4ಜಿ ಇರುವ ಪ್ಯಾನಲ್ಲೇ ಕೇಳಿ ಪಡೆಯಿರಿ. ಆ ಸಿಮ್ಮಿಗೆ ರೀಚಾರ್ಜ್ ಮಾಡುವ ತಾರೀಖನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಅಂದೆ. ಅಮ್ಮ ಅಲ್ಲೇ ಎದ್ದು ಹೋಗಿ ಪೆನ್ನು ತಂದರು. ಕರೆಂಟಿನ ಲೆಕ್ಕವೂ ಸುಲಭ. ಪ್ಯಾನಲ್, ಕೀಪ್ಯಾಡ್, ಪಿಐಆರ್ ಎಲ್ಲ ಸೇರಿ 200 ಮಿಲಿಆಂಪಿಯರ್ ಎಳೆದರೆ ಹೊಸ 7 ಆಂಪಿಯರ್ ಅವರ್ ಬ್ಯಾಟರಿಯಲ್ಲಿ ಲೆಕ್ಕಕ್ಕೆ 35 ಗಂಟೆ. ಕೈಗೆ ಸಿಗುವುದು ಒಂದು ದಿನ ಅಂದುಕೊಳ್ಳಿ. ಬೆಸ್ಕಾಂ ಕರೆಂಟು ಅಷ್ಟು ಹೊತ್ತು ಹೋಗುವುದು ನಮ್ಮ ಕಡೆ ಅಪರೂಪ. ಮೂರು ನಾಲ್ಕು ವರ್ಷಕ್ಕೊಮ್ಮೆ ಬ್ಯಾಟರಿ ಬದಲಿಸಿ, ತಂದ ತಾರೀಖನ್ನು ಅದರ ಮೇಲೇ ಬರೆದಿಡಿ. ಹಳೆಯದನ್ನು ಕಸದ ಗಾಡಿಗೆ ಹಾಕಬೇಡಿ, ಒಳಗಿರುವುದು ಸೀಸ ಮತ್ತು ಆಮ್ಲ. 2022ರ ಬ್ಯಾಟರಿ ತ್ಯಾಜ್ಯ ನಿಯಮದ ಪ್ರಕಾರ ಅದು ಮರುಬಳಕೆಯ ಕಡೆಗೇ ಹೋಗಬೇಕು. ಬ್ಯಾಟರಿ ಅಂಗಡಿಯವರು ಹಳೆಯದನ್ನು ತೆಗೆದುಕೊಂಡು ಹೊಸದರ ಬೆಲೆಯಲ್ಲಿ ಸ್ವಲ್ಪ ಕಳೆಯುತ್ತಾರೆ.

ಸೈರನ್ ಎಷ್ಟು ಹೊತ್ತು ಕೂಗಬೇಕು ಅನ್ನುವುದರ ಮೇಲೆ ಮಾತು ಬಂತು. ಮೇಷ್ಟ್ರಿಗೆ ಬೆಳಗಿನ ತನಕ ಕೂಗಿದರೂ ಸರಿ. ನಾನು ಒಪ್ಪಲಿಲ್ಲ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ. ಮನೆಯ ಸೈರನ್ ಹತ್ತಿರದಲ್ಲಿ 100 ದಾಟುತ್ತದೆ. ಎದುರು ಮನೆಯಲ್ಲಿ ಹಸುಗೂಸಿದೆ, ಮೂಲೆಮನೆಯಲ್ಲಿ ಹೃದಯದ ಆಪರೇಷನ್ ಆದವರಿದ್ದಾರೆ. ಐದು ನಿಮಿಷ ಕೂಗಿ ತಾನೇ ನಿಲ್ಲುವಂತೆ ಇಡೋಣ ಅಂದೆ. ಕಳ್ಳ ಓಡಲು ಮೊದಲ ಅರ್ಧ ನಿಮಿಷ ಸಾಕು. ಸುಮ್ಮಸುಮ್ಮನೆ ಕೂಗುವ ಸೈರನ್ನಿಗೆ ಬೀದಿಯಲ್ಲಿ ಬೆಲೆಯೂ ಹೋಗುತ್ತದೆ. ಪ್ಯಾನಲ್ಲಿಗೆ ತುಂಬಿಸುವ ನಂಬರುಗಳಲ್ಲಿ ಮೊದಲನೆಯದು ಅಮೆರಿಕದ ಮಗನದಲ್ಲ, ನನ್ನದು. ಇಲ್ಲಿ ರಾತ್ರಿಯಾದಾಗ ಅವನಿಗೆ ಆಫೀಸು, ಮೀಟಿಂಗು. ಅವನು ಫೋನ್ ಎತ್ತಿದರೂ ಮತ್ತೆ ನನಗೇ ಮಾಡಬೇಕು. ನಾನು ಒಂಟಿಯಾಗಿ ಒಳಗೆ ನುಗ್ಗುವುದಿಲ್ಲ. ಲೈಟು ಹಾಕಿ, 112ಕ್ಕೆ ಫೋನ್ ಮಾಡಿ, ಈ ಗೋಡೆಯ ಹತ್ತಿರ ನಿಂತು ಕೂಗುತ್ತೇನೆ.

ಆಗ ಅಮ್ಮ ಒಂದು ಮಾತು ಕೇಳಿದರು. “ನಮ್ಮ ರೂಮಿನ ಮಂಚದ ತಲೆಬದೀಲಿ ಗೋಡೆಯಿಂದ ಒಂದು ವೈರು ಹೊರಗೆ ಬಂದಿದೆಯಲ್ಲ, ಅದೇನಪ್ಪ?”

ನೋಡಿದರೆ ಅದೂ ಅಲಾರಮ್ಮಿನ ಕೇಬಲ್ಲೇ. ಕೋಣೆಗೂ ಒಂದು ಪಿಐಆರ್ ಹಾಕೋಣ ಅಂತ ಎಳೆದು, ಹಾಕದೆ ಬಿಟ್ಟದ್ದು. ಇನ್ನೊಂದು ತುದಿ ಪೆಟ್ಟಿಗೆಯೊಳಗೆ ಯಾವುದಕ್ಕೂ ಸೇರದೆ ಸುರುಳಿ ಸುತ್ತಿಕೊಂಡಿತ್ತು. ಅದನ್ನು ಕಂಡು ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮೇಷ್ಟ್ರಿಗೆ ರಾತ್ರಿ ಎದ್ದರೆ ತಲೆಸುತ್ತು ಬರುತ್ತದೆ. ಹೋದ ವರ್ಷ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು, ಮೇಷ್ಟ್ರಿಗೆ ಕೇಳಿಸದೆ ಎಷ್ಟೋ ಹೊತ್ತು ಹಾಗೇ ಇದ್ದರು. ಈ ತಂತಿಯ ತುದಿಗೆ ಒಂದು ದಪ್ಪ ಕೆಂಪು ಗುಂಡಿ ಹಾಕಿ, ಕೈಗೆಟುಕುವಂತೆ ಮಂಚದ ಪಕ್ಕ ಕೂರಿಸೋಣ ಅಂದೆ. ಇಂಥ ಗುಂಡಿಯ ಲೈನು 24 ಗಂಟೆಯೂ ಎಚ್ಚರವಾಗಿರುತ್ತದೆ, ಅಲಾರಂ ಆನ್ ಮಾಡಿರಲಿ ಬಿಡಲಿ. ಒತ್ತಿದರೆ ಸೈರನ್ ಕೂಗುವುದು ಬೇಡ, ನಮ್ಮ ಮನೆಗೆ ಫೋನ್ ಬಂದರೆ ಸಾಕು. ಬೆಂಗಳೂರಿನಲ್ಲಿ ಹಿರಿಯರಿಗೆಂದೇ 1090 ಸಹಾಯವಾಣಿ ಇದೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟಿನವರು ನಗರ ಪೊಲೀಸರ ಜೊತೆ ಸೇರಿ 2002ರಿಂದ ನಡೆಸಿಕೊಂಡು ಬಂದದ್ದು. ದೇಶಕ್ಕೆಲ್ಲ ಅಂತ 14567 ಕೂಡ ಇದೆ. ಎರಡೂ ನಂಬರನ್ನು ದಪ್ಪಕ್ಷರದಲ್ಲಿ ಬರೆದು ಗುಂಡಿಯ ಪಕ್ಕ ಅಂಟಿಸಬೇಕು.

ನಿಜ ಹೇಳಬೇಕೆಂದರೆ ನನಗೆ ಕಳ್ಳನ ಚಿಂತೆಗಿಂತ ಈ ಚಿಂತೆಯೇ ಹೆಚ್ಚು. ನಮ್ಮ ರಸ್ತೆಯಲ್ಲಿ ಉಳಿದಿರುವ ಸ್ವಂತ ಮನೆಗಳಲ್ಲಿ ಅರ್ಧಕ್ಕರ್ಧ ಹೀಗೇ, ದೊಡ್ಡ ಮನೆ, ಇಬ್ಬರು ಹಿರಿಯರು, ಮಕ್ಕಳು ದೂರ. ಕಳ್ಳನಿಗೆಂದು ಎಳೆದ ತಂತಿ ಈ ವಯಸ್ಸಿನಲ್ಲಿ ಆಸರೆಗೆ ಒದಗಿದರೆ ಅದಕ್ಕಿಂತ ಇನ್ನೇನು ಬೇಕು? ಬಚ್ಚಲಿಗೂ ಒಂದು ಎಳೆದು, ಕೈಯಿಂದ ಜಗ್ಗುವ ದಾರ ನೆಲದ ತನಕ ಇಳಿಬಿಡಬೇಕು. ಬಿದ್ದವರಿಗೆ ಗೋಡೆಯ ಮೇಲಿನ ಗುಂಡಿ ಎಟುಕುವುದಿಲ್ಲ.

ಕೊಟೇಶನ್ ಕೊಟ್ಟವರಿಗೆ ಮೇಷ್ಟ್ರು ಮರುದಿನ ಫೋನ್ ಮಾಡಿ, ಹಳೆಯ ತಂತಿ ಹಾಗೇ ಇಟ್ಟುಕೊಂಡು ಪ್ಯಾನಲ್, ಪಿಐಆರ್, ಬ್ಯಾಟರಿ, ಒಂದು ಆಯಸ್ಕಾಂತ, ಎರಡು ಗುಂಡಿಗೆ ಮಾತ್ರ ಬೆಲೆ ಹೇಳಿ ಅಂತ ಕೇಳಿದ್ದಾರೆ. ಅವರು ಒಪ್ಪದಿದ್ದರೆ ಬನಶಂಕರಿಯಲ್ಲಿ ನನಗೆ ಗೊತ್ತಿರುವ ಒಬ್ಬ ಎಲೆಕ್ಟ್ರಿಷಿಯನ್ ಇದ್ದಾನೆ, ಮೀಟರ್ ಹಿಡಿದು ಅಳೆಯದೆ ಬಾಯಿ ಬಿಡದ ಹುಡುಗ. ಶನಿವಾರ ಬರಲು ಹೇಳಿದ್ದೇನೆ. ಬಚ್ಚಲಿನ ಲೈನೊಂದಕ್ಕೆ ಹೊಸ ಪೈಪು ಬೇಕು, ಅದನ್ನು ಗೋಡೆ ಕೊರೆಯದೆ ವೆಂಟಿಲೇಟರಿನಿಂದ ಹೊರಗೆ ತಂದು ಯುಟಿಲಿಟಿ ಕಡೆಯಿಂದ ತಿರುಗಿಸಬಹುದೇ ಅಂತ ಅವನು ಬಂದು ನೋಡಬೇಕು. ಅಷ್ಟರೊಳಗೆ ಮೊಮ್ಮಗಳು ಎಸ್.ಪಿ. ರೋಡಿಗೆ ಹೋಗುವುದಿದ್ದರೆ ನಾಲ್ಕೆಳೆ ಕೇಬಲ್ 15 ಮೀಟರ್ ಜಾಸ್ತಿ ತರಲಿ, ಅಂತ ಗೋಡೆಯ ಈಚೆಯಿಂದಲೇ ಕೂಗಿ ಹೇಳಿದೆ.